ಯುದ್ಧವಿಲ್ಲದ 18 ವರ್ಷ: ಕೊಲೊರಾಡೊ ಎಂಬ ಬ್ಯಾಟಲ್‌ಶಿಪ್ ಏನು ಮಾಡಿತು?

1921ರ ನವೆಂಬರ್ 12ರಂದು ವಾಷಿಂಗ್ಟನ್‌ನಲ್ಲಿ ನೌಕಾಬಲ ತಗ್ಗಿಸುವ ಸಮ್ಮೇಳನ ಶುರುವಾಯಿತು. ಮೊದಲ ದಿನವೇ ಅಮೆರಿಕದ ವಿದೇಶಾಂಗ ಸಚಿವ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಎದ್ದು ನಿಂತು, ಯಾವ ದೇಶ ಯಾವ ಹಡಗುಗಳನ್ನು ಗುಜರಿಗೆ ಹಾಕಬೇಕು ಅಂತ ಪಟ್ಟಿಯನ್ನೇ ಮುಂದಿಟ್ಟರು. ತಮ್ಮ ದೇಶವನ್ನೂ ಬಿಡಲಿಲ್ಲ. ಕಟ್ಟುತ್ತಿರುವ ದೊಡ್ಡ ಹಡಗುಗಳನ್ನೆಲ್ಲ ಅರ್ಧಕ್ಕೇ ನಿಲ್ಲಿಸುತ್ತೇವೆ ಎಂದರು. ಅದರಲ್ಲಿ ಕೊಲೊರಾಡೊ ಎಂಬ ಬ್ಯಾಟಲ್‌ಶಿಪ್, ಅಂದರೆ ದಪ್ಪ ಉಕ್ಕಿನ ಕವಚ ಮತ್ತು ದೊಡ್ಡ ತೋಪುಗಳಿರುವ ಯುದ್ಧಹಡಗು, ಕೂಡ ಇತ್ತು. ಎಂಟು ತಿಂಗಳ ಹಿಂದಷ್ಟೇ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಅದನ್ನು ನೀರಿಗೆ ಇಳಿಸಿದ್ದರು. ಒಳಗಿನ ಕೆಲಸ ಇನ್ನೂ ನಡೆಯುತ್ತಿತ್ತು.

ಅದನ್ನು ಉಳಿಸಿದ್ದು ಜಪಾನಿನ ಹಠ. ಜಪಾನಿನ ಪಾಲಿಗೆ ಬಂದ ಪಟ್ಟಿಯಲ್ಲಿ ಮುತ್ಸು ಎಂಬ ಹೊಸ ಬ್ಯಾಟಲ್‌ಶಿಪ್ ಇತ್ತು. ಅದು ಆಗಲೇ ಮುಗಿದಿದೆ, ಒಡೆಯುವ ಮಾತೇ ಇಲ್ಲ ಅಂತ ಜಪಾನಿನ ಪ್ರತಿನಿಧಿಗಳು ಕೂತುಬಿಟ್ಟರು. ಚೌಕಾಶಿ ನಡೆಯಿತು. ಮುತ್ಸು ಉಳಿಯಲಿ, ಅದಕ್ಕೆ ಬದಲಾಗಿ ಅಮೆರಿಕ ಕೊಲೊರಾಡೊ ಮತ್ತು ವೆಸ್ಟ್ ವರ್ಜೀನಿಯಾ ಎರಡನ್ನೂ ಮುಗಿಸಿಕೊಳ್ಳಲಿ, ಬ್ರಿಟನ್ ಎರಡು ಹೊಸದನ್ನು ಕಟ್ಟಲಿ ಎಂದಾಯಿತು. ಅಮೆರಿಕ ತನ್ನ ಎರಡು ಹಳೆಯ ಹಡಗುಗಳನ್ನು ಬಿಟ್ಟುಕೊಟ್ಟಿತು. 1922ರ ಫೆಬ್ರವರಿ 6ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಅದೇ ಕ್ಯಾಮ್ಡೆನ್ ಯಾರ್ಡಿನಲ್ಲಿ ಕೊಲೊರಾಡೊದ ಜೊತೆಯ ಇನ್ನೊಂದು ಹಡಗೂ ತಯಾರಾಗುತ್ತಿತ್ತು. ಹೆಸರು ವಾಷಿಂಗ್ಟನ್. ಮುಕ್ಕಾಲು ಪಾಲು ಕೆಲಸ ಮುಗಿದಿತ್ತು. ಅದಕ್ಕೆ ಅದೃಷ್ಟ ಇರಲಿಲ್ಲ. 1924ರ ನವೆಂಬರ್‌ನಲ್ಲಿ ಅದನ್ನು ಸಮುದ್ರಕ್ಕೆ ಎಳೆದೊಯ್ದು ಗುರಿ ಹಲಗೆ ಮಾಡಿದರು. ಬಾಂಬು, ಟಾರ್ಪಿಡೊ ಎಲ್ಲ ಪ್ರಯೋಗಿಸಿದರೂ ಮುಳುಗಲಿಲ್ಲ. ಕೊನೆಗೆ ಟೆಕ್ಸಾಸ್ ಎಂಬ ಹಡಗು 14 ಇಂಚಿನ ಗುಂಡು ಹಾರಿಸಿ ಮುಳುಗಿಸಿತು.

ಕೊಲೊರಾಡೊ 1923ರ ಆಗಸ್ಟ್ 30ರಂದು ಸೇವೆಗೆ ಬಂತು. ಅಮೆರಿಕ ಮತ್ತೆ ಯುದ್ಧಕ್ಕೆ ಇಳಿದದ್ದು 1941ರ ಡಿಸೆಂಬರ್‌ನಲ್ಲಿ. ನಡುವೆ 18 ವರ್ಷ. ಹೋರಾಡಲೆಂದೇ ಕಟ್ಟಿದ, ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತ ಹಡಗನ್ನು ಹೋರಾಟವೇ ಇಲ್ಲದ 18 ವರ್ಷ ಹೇಗೆ ಸಾಕುವುದು? ಈ ಪ್ರಕರಣದಲ್ಲಿ ನೋಡಬೇಕಾದ್ದು ಇದನ್ನೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೌಕಾಪಡೆ ಈ ಹಡಗನ್ನು ಒಂದು ಕೆಲಸಕ್ಕೆ ತಯಾರು ಮಾಡಿತು, ಅದಕ್ಕೇ ಅಂಕ ಕೊಟ್ಟಿತು. ಆ 18 ವರ್ಷದಲ್ಲಿ ನಿಜವಾಗಿ ಎದುರಾದ ಕೆಲಸಗಳು ಬೇರೆಯವು. ಅವಕ್ಕೆ ಅಂಕವೂ ಇರಲಿಲ್ಲ, ತಾಲೀಮೂ ಇರಲಿಲ್ಲ.

ಹಡಗು ಎಂಥದ್ದು

ಉದ್ದ 624 ಅಡಿ, ತೂಕ ಸುಮಾರು 32,600 ಟನ್, ವೇಗ ಗಂಟೆಗೆ 21 ನಾಟಿಕಲ್ ಮೈಲಿ. ಅಂದರೆ 39 ಕಿಲೋಮೀಟರ್‌ಗೆ ತುಸು ಕಮ್ಮಿ. ನಾಲ್ಕು ಟರೆಟ್ (ತೋಪು ಕೂರಿಸಿದ, ತಿರುಗುವ ಉಕ್ಕಿನ ಗೂಡು), ಒಂದೊಂದರಲ್ಲಿ ಎರಡೆರಡು, ಒಟ್ಟು ಎಂಟು 16 ಇಂಚಿನ ತೋಪು. ಒಂದೊಂದು ಗುಂಡಿನ ತೂಕ 950 ಕಿಲೋ ದಾಟುತ್ತಿತ್ತು, ಒಂದು ಸಣ್ಣ ಕಾರಿನಷ್ಟು. ಅದನ್ನು 30 ಕಿಲೋಮೀಟರ್ ಆಚೆಗೆ ಎಸೆಯುವ ಶಕ್ತಿ ಆ ತೋಪುಗಳಿಗಿತ್ತು. ಆಗ ಇಡೀ ಪ್ರಪಂಚದಲ್ಲಿ 16 ಇಂಚಿನ ತೋಪಿದ್ದ ಬ್ಯಾಟಲ್‌ಶಿಪ್‌ಗಳು ಏಳೇ ಏಳು. ಅಮೆರಿಕದ ಮೂರು, ಬ್ರಿಟನ್ನಿನ ನೆಲ್ಸನ್ ಮತ್ತು ರಾಡ್ನಿ, ಜಪಾನಿನ ನಾಗಾತೊ ಮತ್ತು ಮುತ್ಸು. ಒಪ್ಪಂದದಿಂದಾಗಿ 1930ರ ದಶಕದ ಕೊನೆಯವರೆಗೂ ಆ ಸಂಖ್ಯೆ ಹಾಗೇ ಇತ್ತು.

ಎಂಜಿನ್ ವಿಷಯದಲ್ಲಿ ಕೊಲೊರಾಡೊ ಇನ್ನೂ ವಿಶೇಷ. ಬಾಯ್ಲರಿನ ಆವಿ ಟರ್ಬೈನನ್ನು ತಿರುಗಿಸುತ್ತದೆ, ಆದರೆ ಟರ್ಬೈನಿಗೂ ಪ್ರೊಪೆಲ್ಲರಿಗೂ ನೇರ ಸಂಪರ್ಕ ಇಲ್ಲ. ಟರ್ಬೈನ್ ಕರೆಂಟು ಹುಟ್ಟಿಸುತ್ತದೆ. ಆ ಕರೆಂಟಿನಲ್ಲಿ ನಾಲ್ಕು ದೊಡ್ಡ ಮೋಟಾರುಗಳು ನಾಲ್ಕು ಪ್ರೊಪೆಲ್ಲರನ್ನು ತಿರುಗಿಸುತ್ತವೆ. ಹಡಗನ್ನು ಹಿಂದಕ್ಕೆ ಓಡಿಸಬೇಕಾದರೆ ಬೇರೆ ಟರ್ಬೈನ್ ಬೇಕಿಲ್ಲ, ಮೋಟಾರನ್ನು ಉಲ್ಟಾ ತಿರುಗಿಸಿದರೆ ಸಾಕು. ಒಂಥರಾ ತೇಲುವ ವಿದ್ಯುತ್ ಸ್ಥಾವರ ಅನ್ನಿ. ಇದು ಬರೀ ಮಾತಲ್ಲ. ಇದೇ ಬಗೆಯ ಎಂಜಿನ್ ಇದ್ದ ವಿಮಾನವಾಹಕ ಹಡಗು ಲೆಕ್ಸಿಂಗ್ಟನ್, 1929ರ ಡಿಸೆಂಬರ್‌ನಲ್ಲಿ ಟಕೋಮಾ ಊರಿನ ಜಲವಿದ್ಯುತ್ ಅಣೆಕಟ್ಟುಗಳಲ್ಲಿ ನೀರು ಕಮ್ಮಿಯಾದಾಗ ದಡಕ್ಕೆ ಬಂದು ಒಂದು ತಿಂಗಳು ಊರಿಗೆ ಕರೆಂಟು ಕೊಟ್ಟಿತ್ತು.

ಮೊದಲ ಪ್ರಯಾಣ ಯುರೋಪಿಗೆ. 1923ರ ಡಿಸೆಂಬರ್ 29ಕ್ಕೆ ಹೊರಟು ಪೋರ್ಟ್ಸ್‌ಮತ್, ಶೆರ್ಬುರ್ಗ್, ವಿಲ್‌ಫ್ರಾನ್ಶ್, ನೇಪಲ್ಸ್, ಜಿಬ್ರಾಲ್ಟರ್ ನೋಡಿಕೊಂಡು ಫೆಬ್ರವರಿಗೆ ನ್ಯೂಯಾರ್ಕಿಗೆ ವಾಪಸ್ಸು. 1925ರಲ್ಲಿ ಅಮೆರಿಕದ ನೌಕಾದಂಡು ಸಮೋವಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋದಾಗ ಇದೂ ಹೋಯಿತು. ಬಾವುಟ ತೋರಿಸಿ ಬರುವ ಕೆಲಸ. ಊರಿನವರು ಹಡಗು ಹತ್ತಿ ನೋಡಬೇಕು, ನಾವಿಕರು ಊರು ಸುತ್ತಬೇಕು. ಸ್ನೇಹವೂ ಆಯಿತು, ನಮ್ಮ ಹತ್ತಿರ ಇಷ್ಟು ದೊಡ್ಡ ತೋಪಿದೆ ಅಂತ ತೋರಿಸಿದ ಹಾಗೂ ಆಯಿತು. ಜಪಾನಿನವರು ಆ ಪ್ರವಾಸವನ್ನು ನೋಡಿ ಖುಷಿಪಟ್ಟಿರಲಿಕ್ಕಿಲ್ಲ.

ಅಂಕದ ಲೆಕ್ಕ

ಮಿಕ್ಕ ಕಾಲವೆಲ್ಲ ಬಹುತೇಕ ಕ್ಯಾಲಿಫೋರ್ನಿಯಾದ ದಡದಲ್ಲೇ ಕಳೆಯಿತು. 1924ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ ಮೇಲೆ ಕೊಲೊರಾಡೊ ಪೆಸಿಫಿಕ್ ಕಡೆಯ ಹಡಗಾಯಿತು. ಲಾಸ್ ಏಂಜಲಿಸ್ ಪಕ್ಕದ ಸ್ಯಾನ್ ಪೆಡ್ರೊ, ಲಾಂಗ್ ಬೀಚ್ ಮುಂದಿನ ನೀರಿನಲ್ಲಿ ಬ್ಯಾಟಲ್‌ಶಿಪ್‌ಗಳು ಸಾಲಾಗಿ ಲಂಗರು ಹಾಕಿ ನಿಲ್ಲುತ್ತಿದ್ದವು. ಮದುವೆಯಾದ ಅಧಿಕಾರಿಗಳು, ನಾವಿಕರು ಲಾಂಗ್ ಬೀಚಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಸಂಜೆ ದೋಣಿ ಹಿಡಿದು ದಡಕ್ಕೆ, ಬೆಳಿಗ್ಗೆ ದೋಣಿ ಹಿಡಿದು ಹಡಗಿಗೆ.

ಹಡಗಿನಲ್ಲೇ ಉಳಿದವರ ಬದುಕು ಇಕ್ಕಟ್ಟು. ಮಲಗಲು ಜೋಲಿ. ರಾತ್ರಿ ಕಟ್ಟಬೇಕು, ಬೆಳಿಗ್ಗೆ ಬಿಚ್ಚಿ ಸುತ್ತಿ ಇಡಬೇಕು. ಅದೇ ಜಾಗದಲ್ಲಿ ಊಟದ ಮೇಜು ಬಿಡಿಸಬೇಕು. ತೇಗದ ಡೆಕ್ಕನ್ನು ಕಲ್ಲು ಹಾಕಿ ಉಜ್ಜಬೇಕು. ವಾರಕ್ಕೆ ಎರಡು ದಿನ ಬೆಳಗಿನ ತಿಂಡಿಗೆ ಬೇಯಿಸಿದ ಹುರುಳಿಕಾಯಿ ಬೀಜ. ಹೆಂಡ 1914ರಿಂದಲೇ ಬಂದ್ ಆಗಿತ್ತು, ಹಾಗಾಗಿ ಹಗಲೂ ರಾತ್ರಿ ಕಾಫಿ. ಸಂಜೆ ಡೆಕ್ ಮೇಲೆ ಸಿನಿಮಾ. ಹೊಸದಾಗಿ ಸೇರಿದ ಹುಡುಗನಿಗೆ ತಿಂಗಳಿಗೆ 21 ಡಾಲರ್ ಸಂಬಳ. ಆರ್ಥಿಕ ಕುಸಿತದ ಕಾಲದಲ್ಲಿ ಅದಕ್ಕೂ ಕ್ಯೂ ಇತ್ತು.

ಎಲ್ಲರಿಗೂ ಆ ಕ್ಯೂನಲ್ಲಿ ಜಾಗ ಇರಲಿಲ್ಲ, ಇದನ್ನೂ ಹೇಳಲೇಬೇಕು. 1919ರಿಂದ 1932ರವರೆಗೆ ಅಮೆರಿಕದ ನೌಕಾಪಡೆ ಕಪ್ಪು ಜನರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿಬಿಟ್ಟಿತ್ತು. ಆಮೇಲೆ ಸೇರಿಸಿಕೊಂಡಾಗಲೂ ಅಧಿಕಾರಿಗಳ ಊಟ ಬಡಿಸುವ, ಹಾಸಿಗೆ ಸರಿಮಾಡುವ ಕೆಲಸ ಮಾತ್ರ. ಅದಕ್ಕೂ ಮುಂಚೆ ಆ ಕೆಲಸ ಫಿಲಿಪೈನ್ಸಿನವರ ಪಾಲಿಗಿತ್ತು. ಹಡಗಿನ ಹಳೆಯ ಫೋಟೊಗಳಲ್ಲಿ ತೋಪಿನ ಮುಂದೆ ನಗುತ್ತಾ ನಿಂತ ಬಿಳಿ ಮುಖಗಳನ್ನು ನೋಡುವಾಗ ಇದು ನೆನಪಿನಲ್ಲಿರಬೇಕು.

ಹಡಗಿನ ವರ್ಷವನ್ನು ನಿಜವಾಗಿ ನಡೆಸುತ್ತಿದ್ದದ್ದು ಸ್ಪರ್ಧೆ. ತೋಪಿನ ಗುರಿಗೆ ಅಂಕ, ಎಂಜಿನಿಗೆ ಅಂಕ. ಹಡಗು ಹಡಗಿನ ನಡುವೆ, ಹಡಗಿನೊಳಗೆ ಟರೆಟ್ ಟರೆಟ್ ನಡುವೆ ಪೈಪೋಟಿ. ಗೆದ್ದ ಟರೆಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ ‘ಇ’ (ಎಫಿಶಿಯೆನ್ಸಿ, ಅಂದರೆ ದಕ್ಷತೆ) ಅಕ್ಷರ ಬರೆಯುತ್ತಿದ್ದರು. ಎಂಜಿನ್ ವಿಭಾಗ ಗೆದ್ದರೆ ಹೊಗೆಕೊಳವೆಯ ಮೇಲೆ ಕೆಂಪು ‘ಇ’. ಗೆದ್ದವರಿಗೆ ಕೈಗೆ ಒಂದಿಷ್ಟು ದುಡ್ಡೂ ಸಿಗುತ್ತಿತ್ತು. ದೋಣಿ ಓಟ, ಬಾಕ್ಸಿಂಗ್, ಫುಟ್‌ಬಾಲಿಗೂ ಟ್ರೋಫಿಗಳಿದ್ದವು.

ಎಂಜಿನ್ ಸ್ಪರ್ಧೆಯ ಲೆಕ್ಕ ಸ್ವಾರಸ್ಯವಾಗಿದೆ. ಇಷ್ಟು ದೂರಕ್ಕೆ ಇಷ್ಟು ಎಣ್ಣೆ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಕಮ್ಮಿ ಸುಟ್ಟರೆ ಅಂಕ. ಆದ್ದರಿಂದ ಎಣ್ಣೆ ಉಳಿಸಲು ಏನು ಬೇಕಾದರೂ ಮಾಡುತ್ತಿದ್ದರು. ದೀಪ ಆರಿಸುವುದು, ಫ್ಯಾನ್ ನಿಲ್ಲಿಸುವುದು, ಸಿಹಿನೀರಿಗೆ ಕಡಿವಾಣ ಹಾಕುವುದು. ಸಮುದ್ರದ ನೀರನ್ನು ಕಾಸಿ ಸಿಹಿನೀರು ಮಾಡಲೂ ಎಣ್ಣೆ ಸುಡಬೇಕಲ್ವಾ? ಸ್ನಾನಕ್ಕೆ ಒಂದು ಬಕೆಟ್ ನೀರು ಸಿಕ್ಕರೆ ಪುಣ್ಯ. ಇದರಿಂದ ಎಂಜಿನ್ ಜನ ತಮ್ಮ ಯಂತ್ರವನ್ನು ಬೆರಳ ತುದಿಯಲ್ಲಿ ಕಲಿತರು, ಇದು ನಿಜ. ಆದರೆ ಯುದ್ಧದಲ್ಲಿ ಎಣ್ಣೆ ಉಳಿಸಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ತೋಪಿನ ಅಭ್ಯಾಸ ಹಾಗಲ್ಲ. ಅದು ಆಟವೂ ಅಲ್ಲ, ಸುರಕ್ಷಿತವೂ ಅಲ್ಲ. ಕೆಳಗಿನಿಂದ ಗುಂಡು ಮೇಲೆ ಬರಬೇಕು, ಅದರ ಹಿಂದೆ ರೇಷ್ಮೆ ಚೀಲಗಳಲ್ಲಿ ಕಟ್ಟಿದ ಮದ್ದು ಬರಬೇಕು. ಎರಡನ್ನೂ ತೋಪಿನೊಳಗೆ ತುರುಕಿ ಹಿಂದಿನ ಬಾಗಿಲು ಮುಚ್ಚಬೇಕು. ಹಾರಿಸಿದ ಮೇಲೆ ನಳಿಕೆಯಲ್ಲಿ ಕೆಂಡದ ಚೂರು ಉಳಿದಿದ್ದರೆ ಮುಂದಿನ ಚೀಲ ಅಲ್ಲೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಗಾಳಿ ಊದಿ ನಳಿಕೆ ತೊಳೆಯುತ್ತಾರೆ. ಅಂಕ ವೇಗಕ್ಕೂ ಇದೆ, ಹಾಗಾಗಿ ಎಲ್ಲರಿಗೂ ಅವಸರ. 1924ರ ಜೂನ್ 12ರಂದು ಸ್ಯಾನ್ ಪೆಡ್ರೊ ಹತ್ತಿರದ ಕಡಲಿನಲ್ಲಿ ಮಿಸಿಸಿಪಿ ಎಂಬ ಬ್ಯಾಟಲ್‌ಶಿಪ್ಪಿನ ಟರೆಟ್ಟಿನಲ್ಲಿ ಅಭ್ಯಾಸದ ನಡುವೆ ಮದ್ದು ಹೊತ್ತಿಕೊಂಡು 48 ಜನ ಸತ್ತರು. ಕೊಲೊರಾಡೊ ಆ ಕರಾವಳಿಗೆ ಬಂದದ್ದು ಇದಾದ ಮೂರು ತಿಂಗಳಿಗೆ. ಶಾಂತಿಕಾಲ ಎಂದಮಾತ್ರಕ್ಕೆ ಹಡಗಿನಲ್ಲಿ ಸಾವು ಇರಲಿಲ್ಲ ಅಂತಲ್ಲ.

ವರ್ಷಕ್ಕೊಮ್ಮೆ ಇಡೀ ದಂಡು ಎರಡು ಪಕ್ಷವಾಗಿ ಒಡೆದು ಅಣಕು ಯುದ್ಧ ಮಾಡುತ್ತಿತ್ತು. 1923ರಿಂದ 1940ರವರೆಗೆ ಇಂಥ 21 ಕವಾಯತುಗಳು ನಡೆದವು. ಪನಾಮಾ ಕಾಲುವೆ, ಕೆರಿಬಿಯನ್, ಹವಾಯಿ ಹೀಗೆ ಜಾಗ ಬದಲಾಗುತ್ತಿತ್ತು. ಬ್ಯಾಟಲ್‌ಶಿಪ್‌ಗಳ ಸಾಲು ಎದುರಾಳಿಯ ಸಾಲನ್ನು ಎದುರಿಸಿ ತೋಪಿನಿಂದ ತೀರ್ಮಾನ ಮಾಡುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತು. ಆದರೆ ಪಕ್ಕದಲ್ಲೇ ಬೇರೆ ಪಾಠ ನಡೆಯುತ್ತಿತ್ತು. 1929ರ ಜನವರಿಯಲ್ಲಿ ಸರಟೋಗಾ ಎಂಬ ವಿಮಾನವಾಹಕ ಹಡಗಿನ ವಿಮಾನಗಳು ಪನಾಮಾ ಕಾಲುವೆಯ ಮೇಲೆ ಅಣಕು ದಾಳಿ ಮಾಡಿದವು. 1932ರ ಫೆಬ್ರವರಿ 7ರ ಭಾನುವಾರ ಬೆಳಿಗ್ಗೆ ಅಡ್ಮಿರಲ್ ಹ್ಯಾರಿ ಯಾರ್ನೆಲ್ ವಿಮಾನಗಳಿಂದ ಪರ್ಲ್ ಹಾರ್ಬರ್ ಮೇಲೆ ಅಣಕು ದಾಳಿ ಮಾಡಿ ತೋರಿಸಿದರು. ಭಾನುವಾರ, ಬೆಳಿಗ್ಗೆ, ಪರ್ಲ್ ಹಾರ್ಬರ್. ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ಆಗುತ್ತಿರಲಿಲ್ಲ ಬಿಡಿ.

1933ರ ಮಾರ್ಚ್

ಮಾರ್ಚ್ 10, ಶುಕ್ರವಾರ, ಸಂಜೆ 5 ಗಂಟೆ 54 ನಿಮಿಷಕ್ಕೆ ಲಾಂಗ್ ಬೀಚ್ ನಡುಗಿತು. ತೀವ್ರತೆ 6.4. ಇಟ್ಟಿಗೆ ಕಟ್ಟಡಗಳ ಮುಂಗೋಡೆಗಳು ಬೀದಿಗೆ ಉದುರಿದವು. ಸುಮಾರು 120 ಜನ ಸತ್ತರು. ಶಾಲೆಗಳಂತೂ ಸಾಲಾಗಿ ಕುಸಿದವು. ಮಕ್ಕಳು ಮನೆಗೆ ಹೋಗಿ ಆಗಿತ್ತು, ಅದೊಂದು ಪುಣ್ಯ. ಒಂದು ತಿಂಗಳೊಳಗೆ ಕ್ಯಾಲಿಫೋರ್ನಿಯಾ ಸರ್ಕಾರ ಶಾಲೆ ಕಟ್ಟಡಗಳಿಗೆ ಭೂಕಂಪ ತಡೆಯುವ ಕಾನೂನು ತಂದದ್ದು ಇದನ್ನು ನೋಡಿಯೇ.

ಆ ಊರಿಗೆ ಅದೃಷ್ಟಕ್ಕೆ ಎದುರಿನ ನೀರಿನಲ್ಲಿ ನೌಕಾದಂಡು ನಿಂತಿತ್ತು. ಶಿಸ್ತಿನ ಜನ, ವೈದ್ಯರು, ರೇಡಿಯೊ, ಅಡುಗೆ ಸಾಮಾನು, ಕಂಬಳಿ ಎಲ್ಲ ಇತ್ತು. ನಾವಿಕರು, ಮರೀನ್ ಸಿಪಾಯಿಗಳು ದಡಕ್ಕೆ ಇಳಿದು ಬೀದಿ ಕಾವಲಿಗೆ ನಿಂತರು, ಗಾಯಗೊಂಡವರನ್ನು ಸಾಗಿಸಿದರು, ಬಯಲಿನಲ್ಲಿ ಒಲೆ ಹೂಡಿ ಅಡುಗೆ ಮಾಡಿ ಹಾಕಿದರು. ಮಾರ್ಚ್ 10 ಮತ್ತು 11ರಂದು ಕೊಲೊರಾಡೊ ಜನ ಆ ಕೆಲಸದಲ್ಲಿದ್ದರು ಅಂತ ಹಡಗಿನ ದಾಖಲೆಯಲ್ಲಿದೆ. ಅನೇಕರಿಗೆ ಅದು ಪರರ ಊರಲ್ಲ. ಅವರ ಹೆಂಡತಿ ಮಕ್ಕಳು ಇದ್ದದ್ದೇ ಅಲ್ಲಿ.

ಆ ವಾರದ ಇನ್ನೊಂದು ಸಂಗತಿ. ರೂಸ್‌ವೆಲ್ಟ್ ಅಧ್ಯಕ್ಷರಾಗಿ ಆರೇ ದಿನ ಆಗಿತ್ತು. ದೇಶದ ಬ್ಯಾಂಕುಗಳೆಲ್ಲ ಮುಚ್ಚಿದ್ದವು. ಭೂಕಂಪದ ಹತ್ತನೇ ದಿನಕ್ಕೆ ಸಹಿ ಬಿದ್ದ ಮಿತವ್ಯಯದ ಕಾಯ್ದೆ ಸರ್ಕಾರಿ ನೌಕರರ ಜೊತೆ ಸೈನಿಕರ, ನಾವಿಕರ ಸಂಬಳಕ್ಕೂ ಕತ್ತರಿ ಹಾಕಿತು. ನೂರಕ್ಕೆ 15 ಕಡಿತ. 21 ಡಾಲರಿನ ಹುಡುಗನಿಗೆ 17 ಡಾಲರ್ 85 ಸೆಂಟ್ ಉಳಿಯಿತು.

1937ರ ಜುಲೈ

ಕೊಲೊರಾಡೊದ ಶಾಂತಿಕಾಲದಲ್ಲಿ ತುಂಬಾ ಚರ್ಚೆಯಾದ ವಾರ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಜೂನ್ 15ಕ್ಕೆ ಹಡಗು ತರಬೇತಿ ಯಾನಕ್ಕೆ ಹೊರಟಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕಾ ತರಬೇತಿ ವಿದ್ಯಾರ್ಥಿಗಳನ್ನು ಹವಾಯಿಗೆ ಕರೆದೊಯ್ದು ವಾಪಸ್ ತರುವ ಕೆಲಸ. ಬೇಸಿಗೆ ಶಿಬಿರದ ಹಾಗೆ. ಕ್ಯಾಪ್ಟನ್ ವಿಲ್ಹೆಲ್ಮ್ ಫ್ರೀಡೆಲ್.

ಅದೇ ಹೊತ್ತಿಗೆ ಅಮೆರಿಕದ ಹೆಸರಾಂತ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ವಿಮಾನದಲ್ಲಿ ಪ್ರಪಂಚ ಸುತ್ತುತ್ತಿದ್ದರು. ಜೂನ್ ಮಧ್ಯದಲ್ಲಿ ಕರಾಚಿ, ಕಲ್ಕತ್ತಾ ದಾಟಿ ರಂಗೂನಿನ ಕಡೆ ಹೋಗಿದ್ದರು. ಜುಲೈ 2ರಂದು ನ್ಯೂಗಿನಿಯ ಲೇ ಎಂಬ ಊರಿನಿಂದ ಪೆಸಿಫಿಕ್ ನಡುವಿನ ಹೌಲ್ಯಾಂಡ್ ದ್ವೀಪಕ್ಕೆ ಹೊರಟರು. ಜೊತೆಗೆ ದಿಕ್ಕು ನೋಡುವ ಫ್ರೆಡ್ ನೂನನ್. ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ, ಕೊನೆಗೆ ಸಿಗಬೇಕಾದದ್ದು ಎರಡು ಕಿಲೋಮೀಟರ್ ಉದ್ದದ ಒಂದು ಬೋಳು ದ್ವೀಪ. ಅಲ್ಲಿ ಇಟಾಸ್ಕಾ ಎಂಬ ಕರಾವಳಿ ಕಾವಲು ಹಡಗು ಕಾಯುತ್ತಿತ್ತು. ಬೆಳಿಗ್ಗೆ ಅವರ ದನಿ ಜೋರಾಗಿ ಕೇಳಿಸಿತು. ನಿಮ್ಮ ಮೇಲೇ ಇರಬೇಕು, ಆದರೆ ಕಾಣುತ್ತಿಲ್ಲ, ಪೆಟ್ರೋಲು ಕಮ್ಮಿಯಾಗಿದೆ ಎಂದರು. ಸುಮಾರು ಒಂದು ಗಂಟೆ ಬಿಟ್ಟು, 157–337 (ದಿಕ್ಸೂಚಿಯ ಡಿಗ್ರಿಗಳು) ಗೆರೆಯ ಮೇಲೆ ಉತ್ತರ ದಕ್ಷಿಣ ಹಾರುತ್ತಿದ್ದೇವೆ ಎಂದರು. ಆಮೇಲೆ ಇಟಾಸ್ಕಾಗೆ ಅವರ ದನಿ ಕೇಳಿಸಲಿಲ್ಲ.

ಹುಡುಕಲು ವಿಮಾನ ಬೇಕು. ಹತ್ತಿರದಲ್ಲಿ ವಿಮಾನ ಇದ್ದ ದೊಡ್ಡ ಹಡಗು ಎಂದರೆ ಹವಾಯಿಯಲ್ಲಿದ್ದ ಕೊಲೊರಾಡೊ. ಹತ್ತಿರ ಅಂದರೆ ಸುಮಾರು 1,700 ನಾಟಿಕಲ್ ಮೈಲಿ! ಜುಲೈ 3ರಂದು ವಿದ್ಯಾರ್ಥಿಗಳ ಸಮೇತ ಹೊರಟಿತು. ಅದರ ವೇಗದಲ್ಲಿ ನಾಲ್ಕು ದಿನದ ದಾರಿ. ಬಾಯಾರಿದವರು ಸಮುದ್ರದಲ್ಲಿ ತೇಲುತ್ತಿದ್ದರೆ ನಾಲ್ಕು ದಿನ ಬಹಳ ದೊಡ್ಡದು. ವೇಗಕ್ಕಿಂತ ದಪ್ಪ ಉಕ್ಕಿಗೆ ಬೆಲೆ ಕೊಟ್ಟು ಕಟ್ಟಿದ ಹಡಗು ಅದು. ಆ ತೀರ್ಮಾನದ ಫಲ ಇಲ್ಲಿ ಕಾಣಿಸಿತು.

ದಾರಿಯಲ್ಲಿ ಫ್ರೀಡೆಲ್ ಯೋಚನೆ ಮಾಡಬೇಕಾಯಿತು, ಎಲ್ಲಿ ಹುಡುಕುವುದು ಅಂತ. ಇಟಾಸ್ಕಾ ಮೊದಲು ಹೌಲ್ಯಾಂಡಿನ ವಾಯವ್ಯಕ್ಕೆ ಹೋಗಿತ್ತು, ಅಲ್ಲಿ ಮೋಡ ಇತ್ತು, ವಿಮಾನ ಅಲ್ಲೇ ದಾರಿ ತಪ್ಪಿರಬೇಕು ಎಂದು. ಫ್ರೀಡೆಲ್ ಲೆಕ್ಕ ಬೇರೆ. ಆ 157–337 ಗೆರೆ ಸೂರ್ಯೋದಯದಲ್ಲಿ ಸೂರ್ಯನನ್ನು ಅಳೆದು ಹಾಕಿದ ಗೆರೆ. ನಾವು ಈ ಗೆರೆಯ ಮೇಲೆ ಎಲ್ಲೋ ಇದ್ದೇವೆ ಎಂದು ಅದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಆ ಗೆರೆ ಹಿಡಿದು ವಾಯವ್ಯಕ್ಕೆ ಹೋದರೆ ಬರೀ ನೀರು. ಆಗ್ನೇಯಕ್ಕೆ ಹೋದರೆ ಫೀನಿಕ್ಸ್ ದ್ವೀಪಗಳ ಹತ್ತಿರಕ್ಕೆ ಬರುತ್ತದೆ. ಪೆಟ್ರೋಲು ಮುಗಿಯುತ್ತಿರುವ, ದಿಕ್ಕು ಬಲ್ಲ ಜನ ನೆಲ ಇರುವ ಕಡೆಗೆ ತಾನೆ ತಿರುಗುತ್ತಾರೆ? ಜೊತೆಗೆ ಪ್ಯಾನ್ ಅಮೆರಿಕನ್ ವಿಮಾನ ಕಂಪನಿಯ ರೇಡಿಯೊ ಕೇಂದ್ರಗಳು ಆ ರಾತ್ರಿಗಳಲ್ಲಿ ಹಿಡಿದ ಕ್ಷೀಣ ಸದ್ದುಗಳ ದಿಕ್ಕೂ ಆ ಕಡೆಗೇ ಬೆರಳು ತೋರುತ್ತಿತ್ತು. ನನ್ನ ಪ್ರಕಾರ ಆ ವಾರದಲ್ಲಿ ಯಾರೇ ಮಾಡಿದ ತರ್ಕಗಳಲ್ಲಿ ಇದೇ ಗಟ್ಟಿ. ತೋಪಿನ ಹಡಗಿನ ಕ್ಯಾಪ್ಟನ್ ವಿಮಾನದವರ ತಲೆಯೊಳಗೆ ಕೂತು ಯೋಚಿಸಿದ್ದು ದೊಡ್ಡ ವಿಷಯ.

ಹಡಗಿನಲ್ಲಿ ಇದ್ದದ್ದು ಮೂರೇ ವಿಮಾನ. ಎರಡು ಸೀಟಿನ, ಎರಡು ಅಂತಸ್ತು ರೆಕ್ಕೆಯ ವೋಟ್ ಕೋರ್ಸೇರ್. ಹೊಟ್ಟೆಯ ಕೆಳಗೆ ತೇಲುವ ದೊಡ್ಡ ಬುಂಡೆ. ಗುಂಡು ಎಲ್ಲಿ ಬಿತ್ತು ಅಂತ ಮೇಲಿನಿಂದ ನೋಡಿ ಹಡಗಿಗೆ ಹೇಳಲು ಇಟ್ಟಿದ್ದ ವಿಮಾನಗಳು ಅವು. 30 ಕಿಲೋಮೀಟರ್ ಆಚೆ ಬಿದ್ದ ಗುಂಡು ಹಡಗಿನಿಂದ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ. ಈ ವಿಮಾನಗಳನ್ನು ಹಾರಿಸುವುದು ಕವಣೆಯಿಂದ. ವಿಮಾನವನ್ನು ಬಂಡಿಯ ಮೇಲೆ ಕೂರಿಸಿ, ಎಂಜಿನ್ ಪೂರ್ತಿ ಜೋರು ಮಾಡಿ, ಪೈಲಟ್ ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಹಿಡಿಯುತ್ತಾನೆ. ಹಡಗು ಅಲೆಗೆ ವಾಲಿ ಮೇಲೇಳುವ ಕ್ಷಣ ನೋಡಿ ಮದ್ದು ಸಿಡಿಸುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ವಿಮಾನ ಗಾಳಿಯಲ್ಲಿ. ವಾಪಸ್ ಬಂದಾಗ ಹಡಗು ಬಾಗಿ ತಿರುಗಿ ಒಂದು ತುಂಡು ನೀರನ್ನು ಸಪಾಟು ಮಾಡಿಕೊಡುತ್ತದೆ. ಅಲ್ಲಿ ಇಳಿದು ಹಡಗಿನ ಪಕ್ಕಕ್ಕೆ ಬರಬೇಕು. ಹಿಂದಿನ ಸೀಟಿನವನು ಅಲುಗಾಡುವ ವಿಮಾನದ ಮೇಲೆ ಹತ್ತಿ ಕ್ರೇನಿನ ಕೊಕ್ಕೆ ಸಿಕ್ಕಿಸಬೇಕು. ತಪ್ಪಿದರೆ ಸಮುದ್ರ.

ಜುಲೈ 7ಕ್ಕೆ ಹುಡುಕಾಟ ಶುರು. ಕೊಲೊರಾಡೊ ಇಟಾಸ್ಕಾಗೆ ಎಣ್ಣೆಯನ್ನೂ ಕೊಟ್ಟಿತು. ನಕ್ಷೆಯಲ್ಲಿ ವಿನ್‌ಸ್ಲೋ ಎಂಬ ಹವಳದ ದಿಬ್ಬ ಇತ್ತು, ವಿಮಾನಗಳು ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಆ ಕಾಲದ ನಕ್ಷೆಗಳ ಹಣೆಬರಹ ಅದು.

ಜುಲೈ 9ರ ಬೆಳಿಗ್ಗೆ ಲೆಫ್ಟಿನೆಂಟ್ ಜಾನ್ ಲ್ಯಾಂಬ್ರೆಕ್ಟ್ ಮೂರೂ ವಿಮಾನ ಕರೆದುಕೊಂಡು ಹೊರಟರು. ಮೊದಲು ಫೀನಿಕ್ಸ್ ಗುಂಪಿನ ಮೆಕೀನ್ ದ್ವೀಪ. ಹಳೇ ಕಾಲದಲ್ಲಿ ಹಕ್ಕಿಯ ಹಿಕ್ಕೆಯ ಗೊಬ್ಬರ ಅಗೆದವರ ಮುರುಕಲು ಗೋಡೆಗಳು, ತುಂಬಾ ಹಕ್ಕಿಗಳು, ಮನುಷ್ಯರಿಲ್ಲ. ಆಮೇಲೆ ಗಾರ್ಡ್ನರ್. ನಡುವೆ ಕೆರೆಯಂಥ ಹಿನ್ನೀರು, ಸುತ್ತ ದಟ್ಟ ಮರ, ಅಲ್ಲಲ್ಲಿ ತೆಂಗು. ದಡದ ಹವಳದ ಮೇಲೆ 1929ರಲ್ಲಿ ಸಿಕ್ಕಿಕೊಂಡ ನಾರ್ವಿಚ್ ಸಿಟಿ ಎಂಬ ಸರಕು ಹಡಗಿನ ಹೆಣ. ಇತ್ತೀಚೆಗೆ ಯಾರೋ ಇದ್ದ ಗುರುತುಗಳು ಸ್ಪಷ್ಟವಾಗಿ ಕಂಡವು ಅಂತ ಲ್ಯಾಂಬ್ರೆಕ್ಟ್ ಆಮೇಲೆ ಬರೆದರು. ಸುತ್ತು ಹೊಡೆದರು, ಕೆಳಗೆ ಧುಮುಕಿ ಮೇಲೆದ್ದರು. ಯಾರೂ ಕೈ ಬೀಸಲಿಲ್ಲ. ಯಾರೂ ಇಲ್ಲ ಎಂದುಕೊಂಡು ಮುಂದೆ ಹೋದರು.

ಗಮನಿಸಬೇಕಾದ ಜಾಗ ಇದು. ಗಾರ್ಡ್ನರ್‌ನಲ್ಲಿ ಆ ಹೊತ್ತಿಗೆ ಜನವಸತಿ ಇರಲಿಲ್ಲ. ಬಹಳ ಹಿಂದೆ ತೆಂಗು ನೆಟ್ಟಿದ್ದರು, ಬಿಟ್ಟು ಹೋಗಿದ್ದರು. ಹಾಗಿದ್ದರೆ ಇತ್ತೀಚಿನ ಗುರುತು ಯಾರದ್ದು? ಲ್ಯಾಂಬ್ರೆಕ್ಟ್ ಅವರಿಗೆ ಈ ದ್ವೀಪದ ಚರಿತ್ರೆ ಗೊತ್ತಿರದಿದ್ದರೆ ಅದು ಅವರ ತಪ್ಪಲ್ಲ. ಈ ದ್ವೀಪಗಳಲ್ಲಿ ಎಲ್ಲೆಲ್ಲಿ ಜನ ಇದ್ದಾರೆ ಎಂಬ ಪಟ್ಟಿ ಕಿಸೆಯಲ್ಲಿ ಇದ್ದಿದ್ದರೆ ಆ ಗುರುತಿನ ಅರ್ಥವೇ ಬೇರೆಯಾಗುತ್ತಿತ್ತು. ಇನ್ನೂ ಒಂದು ತೊಡಕಿದೆ. ಕ್ಯಾಪ್ಟನ್ನರ ಅಧಿಕೃತ ವರದಿಯಲ್ಲಿ ಈ ಗುರುತಿನ ಮಾತೇ ಬರುವುದಿಲ್ಲ. ಅದು ಇರುವುದು ಲ್ಯಾಂಬ್ರೆಕ್ಟ್ ನೌಕಾ ವೈಮಾನಿಕ ವಿಭಾಗಕ್ಕೆ ಬರೆದು ಕಳಿಸಿದ ಬರಹದಲ್ಲಿ. ಪೈಲಟ್ ಕಂಡದ್ದು ಹಡಗಿನ ಮೇಲಿನ ಅಂತಸ್ತಿಗೆ ಏರುವಷ್ಟರಲ್ಲಿ ಎಲ್ಲೋ ಬಿದ್ದುಹೋಯಿತು.

ಗುಂಡಿನ ಏಟಿಗೆ ಏಳುವ ನೀರಿನ ಕಂಬ ನೋಡಲು ಕಲಿತ ಕಣ್ಣುಗಳು ಅವು. ಮರದ ನೆರಳಿನಲ್ಲಿ ಸುಸ್ತಾಗಿ ಬಿದ್ದ ಇಬ್ಬರನ್ನು ಹುಡುಕುವುದಕ್ಕೆ ಬೇರೆಯದೇ ಕಣ್ಣು ಬೇಕು. ಕೆಲವೇ ನಿಮಿಷದ ವಿಮಾನದ ಸದ್ದಿಗೆ ಕಾಡಿನೊಳಗಿಂದ ದಡಕ್ಕೆ ಓಡಿಬರಲು ಸಮಯವೂ ಬೇಕು. ಕೈ ಬೀಸದಿದ್ದರೆ ಜನ ಇಲ್ಲ ಎಂಬ ಲೆಕ್ಕ ತೀರಾ ಅವಸರದ್ದು ಅಂತ ನನಗನ್ನಿಸುತ್ತದೆ.

ಮಧ್ಯಾಹ್ನ ಹಲ್ ದ್ವೀಪಕ್ಕೆ ಹೋದರು. ಅಲ್ಲಿ ತೆಂಗಿನ ತೋಟ ಇತ್ತು, ಕೆಲಸಗಾರರಿದ್ದರು. ವಿಮಾನ ಕಂಡದ್ದೇ ತಡ, ಜನ ಹೊರಗೆ ಬಂದು ಕೈ ಬೀಸಿದರು. ಲ್ಯಾಂಬ್ರೆಕ್ಟ್ ಹಿನ್ನೀರಿನಲ್ಲಿ ಇಳಿದೇಬಿಟ್ಟರು. ತೋಟದ ಯುರೋಪಿಯನ್ ಮೇಲ್ವಿಚಾರಕ ದೋಣಿಯಲ್ಲಿ ಬಂದು ಮಾತಾಡಿಸಿದ. ಇಯರ್‌ಹಾರ್ಟ್ ಹಾರಾಟದ ಸುದ್ದಿಯೇ ಅವನಿಗೆ ತಲುಪಿರಲಿಲ್ಲ. ಆ ಪುಟ್ಟ ವಿಮಾನಗಳು ಹೊನೊಲುಲುವಿನಿಂದ ಬಂದವೇ ಎಂದು ಬೆರಗಾದ. ನೋಡಿ, ಅನುಮಾನ ಬಂದ ಗಾರ್ಡ್ನರ್‌ನಲ್ಲಿ ಇಳಿಯಲಿಲ್ಲ, ಜನ ಇದ್ದಾರೆಂದು ಖಾತ್ರಿಯಾದ ಹಲ್‌ನಲ್ಲಿ ಇಳಿದರು. ಅವರ ಕಡೆಯಿಂದ ನೋಡಿದರೆ ಸರಿಯೇ, ವಿಚಾರಿಸಲು ಯಾರಾದರೂ ಸಿಗುವುದು ಅಲ್ಲೇ ತಾನೆ.

ಜುಲೈ 10ರಂದು ಉಳಿದ ದ್ವೀಪಗಳನ್ನು ನೋಡಿದರು. ಏನೂ ಸಿಗಲಿಲ್ಲ. ಆಮೇಲೆ ವಿಮಾನವಾಹಕ ಲೆಕ್ಸಿಂಗ್ಟನ್ 60ಕ್ಕೂ ಹೆಚ್ಚು ವಿಮಾನಗಳೊಂದಿಗೆ ಬಂತು, ಕೊಲೊರಾಡೊ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಮನೆ ಕಡೆ ತಿರುಗಿತು. ಫೀನಿಕ್ಸ್ ದ್ವೀಪಗಳು ಮುಗಿದವು ಎಂದು ಲೆಕ್ಸಿಂಗ್ಟನ್ ಬೇರೆ ಕಡೆಯ ಸಮುದ್ರ ಜಾಲಾಡಿತು. ಅಂದರೆ ಗಾರ್ಡ್ನರ್ ಮೇಲಿನ ಆ ಕೆಲವು ನಿಮಿಷವೇ ಆ ದ್ವೀಪದ ಮಟ್ಟಿಗೆ ಕೊನೆಯ ಮಾತಾಯಿತು. 1940ರಲ್ಲಿ ಅಲ್ಲಿನ ಬ್ರಿಟಿಷ್ ಅಧಿಕಾರಿ ಜೆರಾಲ್ಡ್ ಗ್ಯಾಲಗರ್‌ಗೆ ಕೆಲವು ಮೂಳೆಗಳು ಸಿಕ್ಕವು. ಅವು ಯಾರದ್ದು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ವಿಮಾನ ಹೌಲ್ಯಾಂಡ್ ಹತ್ತಿರವೇ ಸಮುದ್ರಕ್ಕೆ ಬಿತ್ತು ಎನ್ನುವವರೂ ಕಮ್ಮಿ ಇಲ್ಲ.

ಹಡಗಿಗೆ ಆಗದೇ ಉಳಿದದ್ದು

ಈ 18 ವರ್ಷದಲ್ಲಿ ಕೊಲೊರಾಡೊಗೆ ದೊಡ್ಡ ರಿಪೇರಿ ಆಗಲೇ ಇಲ್ಲ. 1928–29ರಲ್ಲಿ ವಿಮಾನ ಹೊಡೆಯುವ 3 ಇಂಚಿನ ತೋಪು ತೆಗೆದು ಎಂಟು 5 ಇಂಚಿನವನ್ನು ಇಟ್ಟರು, ಅಷ್ಟೇ. ಇದಕ್ಕಿಂತ ಹಳೆಯ ನೆವಾಡಾ, ಪೆನ್ಸಿಲ್ವೇನಿಯಾ, ನ್ಯೂ ಮೆಕ್ಸಿಕೊ ಥರದ ಹಡಗುಗಳಿಗೆ ಸರದಿಯಲ್ಲಿ ಹೊಸ ಕಂಬ, ಹೊಸ ಕವಚ ಸಿಕ್ಕಿತು. ಹೊಸದು ಎಂಬ ಕಾರಣಕ್ಕೇ ಕೊಲೊರಾಡೊ ಸಾಲಿನ ಹಿಂದೆ ಬಿತ್ತು. ಅದರ ಸರದಿ ಬರುವ ಹೊತ್ತಿಗೆ ದುಡ್ಡು ಹೊಸ ಹಡಗುಗಳಿಗೆ ಹೋಯಿತು. 1941ರಲ್ಲೂ ಅದರ ಮೇಲೆ 1910ರ ಕಾಲದ ಬಲೆ ಹೆಣೆದಂಥ ಎರಡು ಕಬ್ಬಿಣದ ಗೋಪುರಗಳಿದ್ದವು. 

1940ರ ಮೇನಲ್ಲಿ ರೂಸ್‌ವೆಲ್ಟ್ ನೌಕಾದಂಡನ್ನು ಪರ್ಲ್ ಹಾರ್ಬರಿನಲ್ಲೇ ನಿಲ್ಲಿಸಿದರು. ದಂಡಿನ ಮುಖ್ಯಸ್ಥ ಅಡ್ಮಿರಲ್ ಜೇಮ್ಸ್ ರಿಚರ್ಡ್‌ಸನ್ ಬೇಡ ಎಂದರು, 1941ರ ಫೆಬ್ರವರಿಯಲ್ಲಿ ಹುದ್ದೆ ಕಳೆದುಕೊಂಡರು. ಕೊಲೊರಾಡೊ 1941ರ ಜನವರಿಯಲ್ಲಿ ಅಲ್ಲಿಗೆ ಹೋಗಿ ತಾಲೀಮಿನಲ್ಲಿತ್ತು. ಜೂನ್ 25ಕ್ಕೆ ಅದಕ್ಕೆ ಕೊನೆಗೂ ರಿಪೇರಿಯ ಸರದಿ ಬಂತು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಯಾರ್ಡಿಗೆ ಹೋಯಿತು. ಡಿಸೆಂಬರ್ 7ರ ಭಾನುವಾರ ಪೆಸಿಫಿಕ್ ದಂಡಿನ ಒಂಬತ್ತು ಬ್ಯಾಟಲ್‌ಶಿಪ್‌ಗಳಲ್ಲಿ ಎಂಟು ಪರ್ಲ್ ಹಾರ್ಬರಿನಲ್ಲಿದ್ದವು. ಚೌಕಾಶಿಯಲ್ಲಿ ಜೊತೆಗೇ ಉಳಿದಿದ್ದ ವೆಸ್ಟ್ ವರ್ಜೀನಿಯಾ ಅಲ್ಲೇ ಮುಳುಗಿತು. ಒಂಬತ್ತನೆಯದು ಬ್ರೆಮರ್ಟನ್‌ನಲ್ಲಿ ಡೆಕ್ ಬಿಚ್ಚಿಸಿಕೊಂಡು ನಿಂತಿತ್ತು.

1942ರ ಮಾರ್ಚ್ 31ಕ್ಕೆ ರಿಪೇರಿ ಮುಗಿಯಿತು. ಆಮೇಲೆ ತರಾವಾ, ಸೈಪಾನ್, ಗ್ವಾಮ್, ಟಿನಿಯನ್ ಹೀಗೆ ದ್ವೀಪದಿಂದ ದ್ವೀಪಕ್ಕೆ ಹೋಗಿ ದಡದ ಮೇಲೆ ಗುಂಡು ಸುರಿಯಿತು. 18 ವರ್ಷ ಅಭ್ಯಾಸ ಮಾಡಿದ ಸಾಲು ಸಾಲಿನ ಯುದ್ಧ ಅದಕ್ಕೆ ಸಿಗಲೇ ಇಲ್ಲ. 1949ರ ಜುಲೈನಲ್ಲಿ ಗುಜರಿಗೆ ಮಾರಿದರು.